ಅಯ್ಯೋ ಪಪ್ಪಾ, ಅದೂ ಇಂಗ್ಲಿಷೇ!

ಐರೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ. ಎರಡು ಲೋಕಲ್ ಬದಲಿಸಿ, ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ತುದಿಗೆ ಅಂಟಿ ಕೂತು ಮನೆ ಸೇರುವಾಗ ರಾತ್ರಿ ಒಂಬತ್ತು. ಅಂದು ಹನ್ನೊಂದನೇ ಕ್ಲಾಸಿನ ಮಗಳು ಫೋನಿನಲ್ಲಿ ಗೆಳತಿಯ ಜೊತೆ ಹರಟುತ್ತಿದ್ದಳು. ಯಾರಿಗೋ 'ರಿಝ್' ಇಲ್ಲವಂತೆ, ಇನ್ಯಾರೋ ಪೂರ್ತಿ 'ಡೆಲುಲು' ಅಂತೆ.

ಇಡೀ ದಿನ ಇಂಗ್ಲಿಷಿನಲ್ಲೇ ದುಡಿಯುವ ನನಗೆ ನನ್ನ ಮಗಳ ಇಂಗ್ಲಿಷ್ ತಿಳಿಯಲಿಲ್ಲ. ಕೇಳಿದರೆ ನಕ್ಕಳು. ಕರಿಸ್ಮಾ ಎಂಬ ಪದದ ನಡುವಿನಿಂದ ಮುರಿದುಕೊಂಡದ್ದು ರಿಝ್. 2023ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನೇ ವರ್ಷದ ಪದವೆಂದು ಆರಿಸಿದ್ದರು. ಭ್ರಮೆಯಲ್ಲಿರುವವರು ಡೆಲುಲು, 2025ರಲ್ಲಿ ಅದು ಕೇಂಬ್ರಿಡ್ಜ್ ಡಿಕ್ಷನರಿಗೂ ಹೋಯಿತು.

ನನಗೆ ರೇಗಿತು. "ಇಷ್ಟೆಲ್ಲ ಬರುತ್ತೆ, ಒಂದು ಕನ್ನಡ ಶಬ್ದವಾದರೂ ಬಾಯಲ್ಲಿ ಬರುತ್ತಾ?"

"ಅಯ್ಯೋ ಪಪ್ಪಾ!"

"ನೋಡು, ಬಂತಲ್ಲ!" ಗೆದ್ದೆನೆಂದುಕೊಂಡೆ. ಅವಳು ಫೋನ್ ತಿರುಗಿಸಿ ತೋರಿಸಿದಳು. 'ಅಯ್ಯೋ' 2016ರಲ್ಲೇ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಸೇರಿದೆ. "ಅದೂ ಇಂಗ್ಲಿಷೇ ಪಪ್ಪಾ."

ಊಟವಾದ ಮೇಲೆ ನಾನೂ ಹುಡುಕುತ್ತ ಕೂತೆ. 2017ರಲ್ಲಿ ಅದೇ ಡಿಕ್ಷನರಿಗೆ ಸೇರಿದ ಭಾರತದ ಎಪ್ಪತ್ತು ಪದಗಳಲ್ಲಿ 'ಅಣ್ಣ' ಇದೆ. 2020ರಲ್ಲಿ ಆಕ್ಸ್‌ಫರ್ಡ್‌ನ ಕಲಿಕೆಯ ಡಿಕ್ಷನರಿಗೆ 'ಡಬ್ಬಾ', 'ಚಾಳ್' ಬಂದಿವೆ. ನಾವು ಬದುಕಿದ ಸಾಮಾನೆಲ್ಲ ಅಲ್ಲಿ ಜೋಡಿಸಿಟ್ಟ ಹಾಗಿತ್ತು.

ಅಪ್ಪ ಕುಂದಾಪುರದ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದರು. "ಅಣ್ಣಾ, ಏಕ್ ಕಟಿಂಗ್" ಎನ್ನುವವರಲ್ಲಿ ಅವರ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಆ ಕರೆಯಲ್ಲಿ ಅರ್ಧ ಪ್ರೀತಿ, ಅರ್ಧ ತಾತ್ಸಾರ. ಡಿಕ್ಷನರಿಯಲ್ಲಿ ಅಣ್ಣನೆಂದರೆ ಹಿರಿಯ ಸಹೋದರ. ಆ ದನಿ ಅಲ್ಲಿ ಹೇಗೆ ಸಿಗಬೇಕು?

ಇಂಗ್ಲಿಷ್ ಎಲ್ಲರಿಂದ ತೆಗೆದುಕೊಂಡು ಬೆಳೆಯುತ್ತಿದೆ. ಅದಕ್ಕೆ ನನ್ನ ತಕರಾರಿಲ್ಲ. ತೆಗೆದುಕೊಂಡವರ ಮನೆ ತುಂಬಿತು ಎಂದ ಮಾತ್ರಕ್ಕೆ ಕೊಟ್ಟವರದು ಖಾಲಿಯಾಗಬೇಕೆಂದೂ ಇಲ್ಲ. ನಮ್ಮ ಮನೆ ಖಾಲಿಯಾದದ್ದು ನನ್ನಿಂದ. ಮಗಳ ಜೊತೆ ನಾನೇ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿಕೊಂಡು ಬಂದೆ. ಊರಿನಲ್ಲಿ ಅಮ್ಮ ಭಾನುವಾರದ ಫೋನಿಗೆ ಕಾದಿರುತ್ತಾಳೆ. "ಉಂಡ್ಯಾ ಮಗಾ?" "ಹೂಂ ಅಜ್ಜಿ." ಅಲ್ಲಿಗೆ ಫೋನ್ ನನ್ನ ಕೈಗೆ.

ಆ ಭಾನುವಾರ ಮಗಳು ಫೋನ್ ಬಿಡಲಿಲ್ಲ. ಅರೆಬರೆ ಕನ್ನಡದಲ್ಲಿ ಅಯ್ಯೋ ಕತೆ ಹೇಳಿದಳು. ಅಮ್ಮನಿಗೆ ಎಷ್ಟು ಅರ್ಥವಾಯಿತೋ, "ಅಯ್ಯೋ!" ಎಂದು ಆಚೆಯಿಂದ ನಕ್ಕದ್ದು ನನಗೂ ಕೇಳಿಸಿತು. ಹನ್ನೊಂದು ನಿಮಿಷ ಮಾತು ನಡೆಯಿತು.

ಫೋನಿಟ್ಟು ಮಗಳು ಕೇಳಿದಳು: "ಅಜ್ಜಿ, ನೀನಿಲ್ಲದೆ ಬೇಜಾರು ಅಂದ್ರು. ಅಂದ್ರೆ ಬೋರಾ, ಸ್ಯಾಡಾ?"

ಎರಡೂ ಅಲ್ಲ ಎಂದೆ. ಮುಂದೆ ಇಂಗ್ಲಿಷ್ ಸಿಗಲಿಲ್ಲ. ಅದೂ ಪಾರಸಿಯಿಂದ ಬಂದ ಪದ, ಆದರೆ ಅಜ್ಜಿಯದೇ ಎಂದೆ. ಒಂದೆರಡು ಭಾನುವಾರ ಮಾತಾಡು, ಅರ್ಥವಾಗುತ್ತದೆ ಎಂದೆ.

ಕನ್ನಡದಲ್ಲೇ ಹೇಳಿದ್ದೆ. ಅವಳು ತಲೆಯಾಡಿಸಿದಳು.