ಕತ್ತರಿ ಕಾಣದ ಅಂಗಿ

ಅಂಗಿಯನ್ನು ಅಂಗಿಯಾಗಿಯೇ ನೇಯುತ್ತಿದ್ದ ಕಾಲವೊಂದಿತ್ತು. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ, ಸಿರಿಯಾದಲ್ಲಿ, ಎರಡು ಮೀಟರಿಗೂ ಮಿಕ್ಕಿದ ಅಗಲದ ಮಗ್ಗದಲ್ಲಿ ನೇಕಾರರು ಮೊದಲು ಒಂದು ತೋಳನ್ನು ನೇಯ್ದು, ಆಮೇಲೆ ಹಾಸನ್ನು ಅಗಲ ಮಾಡಿಕೊಂಡು ಮೈಭಾಗ ನೇಯ್ದು, ನಡುವೆ ಕೊರಳಿಗೊಂದು ಸೀಳು ಬಿಟ್ಟು, ಮತ್ತೆ ಕಿರಿದು ಮಾಡಿ ಇನ್ನೊಂದು ತೋಳು ಮುಗಿಸುತ್ತಿದ್ದರು. ಮಗ್ಗದಿಂದ ಇಳಿಸಿದಾಗ ಅದು ಶಿಲುಬೆಯಾಕಾರದ ಒಂದೇ ಬಟ್ಟೆ. ಹೆಗಲಿಗೆ ಮಡಿಚಿ, ಎರಡು ಬದಿಗಳನ್ನೂ ತೋಳಿನ ಕೆಳಗನ್ನೂ ಸೂಜಿಯಿಂದ ಕೂಡಿಸಿದರೆ ಟ್ಯೂನಿಕ್ ಸಿದ್ಧ. ಹೆಗಲಿಂದ ಇಳಿಯುವ ನೇರಳೆ ಪಟ್ಟಿಗಳು ಕೂಡ ಮಗ್ಗದಲ್ಲೇ ಮೂಡಿರುತ್ತಿದ್ದವು. ಕತ್ತರಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಒಂದು ಚಿಂದಿಯೂ ನೆಲಕ್ಕೆ ಬೀಳುತ್ತಿರಲಿಲ್ಲ.

ನಾನು ಈ ಅಂಗಿಯ ಬೆನ್ನು ಹತ್ತಿದ್ದು ನಾಟಕದ ದೆಸೆಯಿಂದ. ಸೀಸರನ ಪಾತ್ರಕ್ಕೆ ಬಿಳಿ ಪಂಚೆ ಸುತ್ತಿ ರಂಗಕ್ಕೆ ಕಳಿಸುವುದು ನಮ್ಮಲ್ಲಿ ರೂಢಿ. ಒಮ್ಮೆಯಾದರೂ ಆ ಕಾಲದ ಹಾಗೆಯೇ ಹೊಲಿಯೋಣವೆಂದು ಉಣ್ಣೆಬಟ್ಟೆ ತೊಡೆಯ ಮೇಲೆ ಹರವಿಕೊಂಡು ಕೂತಾಗ ಬೆರಳಿಗೆ ಮೊದಲು ನೆನಪಾದವಳು ನಮ್ಮವ್ವ. ಧಾರವಾಡದ ಮನೆಯಲ್ಲಿ ಮಧ್ಯಾಹ್ನವೆಂದರೆ ಸೂಜಿಯ ಹೊತ್ತು. ಊಟವಾಗಿ, ಮುಸುರೆ ಮುಗಿದ ಮೇಲೆ ಪಡಸಾಲೆಯ ಬಾಗಿಲ ಬೆಳಕಿಗೆ ಕೂತು ಅವ್ವ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಒಂದೆರಡು ಎಳೆಯನ್ನಷ್ಟೇ ಎತ್ತಿ ಹಾಕುವ ಆ ಹೊಲಿಗೆ ಮೇಲ್ಬದಿಗೆ ಕಾಣುತ್ತಲೇ ಇರಲಿಲ್ಲ. ಪಕ್ಕದ ಮನೆಯ ಕಾಕೂ ಬಂದು ಕೂಡುವರು, ಮಾತು ತನ್ನ ಪಾಡಿಗೆ, ಸೂಜಿ ತನ್ನ ಪಾಡಿಗೆ. ದಾರ ಪೋಣಿಸಿ ಕೊಡುವುದು ಕಣ್ಣು ಚುರುಕಿದ್ದ ನಮ್ಮ ಪಾಲಿನ ಕೆಲಸ. ಸಾಲಿಯಲ್ಲಿ ತಕಲಿಯ ಪೀರಿಯಡ್ ಬೇರೆ ಇತ್ತು. ಈಗ ಫಾಲ್, ಪೀಕೋ ಎಂದು ಅಂಗಡಿಗೆ ಕೊಟ್ಟರೆ ಸಂಜೆಗೆ ಸೀರೆ ಕೈಗೆ ಬರುತ್ತದೆ. ಮಶೀನು ಬಂದು ಎಷ್ಟೋ ಹೆಂಗಸರ ಕಣ್ಣು ಉಳಿಯಿತು, ಕೈಗೆ ನಾಲ್ಕು ಕಾಸು ಬಂತು, ಅದನ್ನು ಹೇಗೆ ಬೇಡವೆನ್ನಲಿ? ಆದರೆ ಉಳಿಸಿದ ಆ ಮಧ್ಯಾಹ್ನಗಳು ಎಲ್ಲಿ ಹೋದವು, ಯಾರ ಮನೆಯ ಪಡಸಾಲೆಯಲ್ಲೂ ನನಗೆ ಅವು ಕಾಣುವುದಿಲ್ಲ.

ತಕಲಿ ತಿರುಗಿಸಿದವರಿಗೆ ರೋಮಿನ ಹೆಂಗಸರ ಬದುಕು ಬೇಗ ಅರ್ಥವಾಗುತ್ತದೆ. ಚರಕ ಅವರಿಗೆ ಗೊತ್ತಿರಲಿಲ್ಲ. ಸೇನೆಯ ಬಟ್ಟೆ, ಹಡಗಿನ ಹಾಯಿ, ಮಗುವಿನ ಹೊದಿಕೆ, ಎಲ್ಲದರ ಎಳೆಯೂ ಕೈಗದಿರಿನಿಂದಲೇ ಬರಬೇಕಿತ್ತು. ಮನೆ ನೋಡಿಕೊಂಡಳು, ಉಣ್ಣೆ ನೂತಳು ಎಂದು ಗೋರಿಯ ಕಲ್ಲಿನ ಮೇಲೆ ಬರೆಸುವುದು ಹೆಣ್ಣಿಗೆ ಸಲ್ಲುವ ದೊಡ್ಡ ಗೌರವವಾಗಿತ್ತು. ಚಕ್ರವರ್ತಿ ಅಗಸ್ಟಸ್ ಕೂಡ ಸಾಮಾನ್ಯವಾಗಿ ಅಕ್ಕ, ಹೆಂಡತಿ, ಮಗಳು, ಮೊಮ್ಮಕ್ಕಳು ಮನೆಯಲ್ಲಿ ಮಾಡಿದ ಬಟ್ಟೆಯನ್ನೇ ಉಡುತ್ತಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಹಳೆಯದು ಕೈಬಿಟ್ಟು ಹೋಗುತ್ತಿದೆಯೆಂಬ ಕೊರಗು ಅಗಸ್ಟಸನಿಗೂ ಇತ್ತು. ಸಭೆಗೆ ಬಂದ ಜನ ಕಪ್ಪು ಮೇಲಂಗಿ ಹೊದ್ದು ನಿಂತದ್ದನ್ನು ಕಂಡು ನೊಂದು, ಟೋಗಾ ಉಡದವರು ನಗರದ ಚೌಕವಾದ ಫೋರಮ್ಮಿನಲ್ಲಿ ನಿಲ್ಲಕೂಡದೆಂದು ಅಪ್ಪಣೆ ಮಾಡಿದ. ಐದು ಮೀಟರಿಗೂ ಮೀರಿದ ಆ ಅರ್ಧಚಂದ್ರಾಕಾರದ ಉಣ್ಣೆಯನ್ನು ನೆರಿಗೆ ಕೂಡಿಸಿ ಹೆಗಲಿಗೆ ಹಾಕುವ ತಾಳ್ಮೆ ಎಷ್ಟು ಜನಕ್ಕೆ ಉಳಿದಿತ್ತು? ಸುಮಾರು ನೂರು ವರ್ಷದ ಮೇಲೆ ಕವಿ ಜುವೆನಾಲ್, ಇಟಲಿಯ ಬಹುಪಾಲು ಕಡೆ ಜನ ಟೋಗಾ ಉಡುವುದು ಸತ್ತ ಮೇಲೆಯೇ ಎಂದ.

ನನ್ನ ಮನಸ್ಸು ತಂಗುವುದು ಅವರ ಹಳೆಬಟ್ಟೆಯ ಹತ್ತಿರ. ಕ್ರಿಸ್ತಪೂರ್ವ 2ನೇ ಶತಮಾನದ ಕೇಟೊ ತನ್ನ ಬೇಸಾಯದ ಪುಸ್ತಕದಲ್ಲಿ, ಆಳಿಗೆ ಹೊಸ ಟ್ಯೂನಿಕ್ ಕೊಡುವಾಗ ಹಳೆಯದನ್ನು ಮರಳಿ ಪಡೆಯಿರಿ, ತುಂಡು ಜೋಡಿಸಿ ಹೊದಿಕೆ ಮಾಡಲು ಬರುತ್ತದೆ ಎಂದು ಹೇಳುತ್ತಾನೆ. ಒಡೆಯನ ಜಿಪುಣತನ ಅದರಲ್ಲಿದೆ, ಹೌದು. ಆದರೆ ಆ ಹೊದಿಕೆ ನಮ್ಮ ಕೌದಿಯಲ್ಲದೆ ಇನ್ನೇನು? ಬ್ರಿಟನ್ನಿನ ವಿಂಡೊಲಾಂಡ ಕೋಟೆಯ ಮಣ್ಣಿನಲ್ಲಿ ಸಿಕ್ಕ ತೆಳುಮರದ ಓಲೆಯೊಂದರಲ್ಲಿ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿರುವ ಸುದ್ದಿಯಿದೆ. ಯಾರೋ ದೂರದಿಂದ ತಮ್ಮವನ ಚಳಿಯನ್ನು ನೆನೆದಿದ್ದರು.

ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್ಮಿನ ಹೊತ್ತಿಗೆ ಬಟ್ಟೆಗೆ ಬೇರೆಯೇ ಬೆಡಗು ಬಂತು. 552ರ ಸುಮಾರಿಗೆ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ಅಲ್ಲಿನ ಚಕ್ರವರ್ತಿ ಜಸ್ಟಿನಿಯನ್ನನಿಗೆ ತಂದುಕೊಟ್ಟರು. ಇಟಲಿಯ ರವೆನ್ನಾದ ಸಾನ್ ವಿಟಾಲೆ ಚರ್ಚಿನ ಗೋಡೆಯ ಮೇಲೆ ಅವನ ರಾಣಿ ಥಿಯೊಡೋರಾ ಇಂದಿಗೂ ನೇರಳೆ ಮೇಲುಹೊದಿಕೆಯಲ್ಲಿ ನಿಂತಿದ್ದಾಳೆ, ಅದರ ಅಂಚಿನಲ್ಲಿ ಶಿಶು ಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಚಿತ್ರ. ಆ ನೇರಳೆ ಸಮುದ್ರದ ಶಂಖದ ಹುಳುವಿನದು. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ಪಡೆದ ಬಣ್ಣ 1.4 ಗ್ರಾಂ ಮಾತ್ರ. 1453ರಲ್ಲಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ಆ ಬಣ್ಣ ಹಾಕುವ ವಿದ್ಯೆಯೂ ಮರೆಯಾಯಿತು. ಬೈಜಾಂಟಿಯಮ್ಮಿನ ಅರಮನೆಯ ಉಡುಪು ಉಳಿದಿಲ್ಲವೆಂದೇ ಹೇಳಬೇಕು, ಸಂತರ, ರಾಜರ ಎಲುಬು ಸುತ್ತಿಟ್ಟಿದ್ದ ರೇಷ್ಮೆಯ ತುಂಡುಗಳು ಯುರೋಪಿನ ಚರ್ಚುಗಳಲ್ಲಿವೆ. ಜರ್ಮನಿಯ ಆಖೆನ್ನಿನಲ್ಲಿ ಚಕ್ರವರ್ತಿ ಶಾರ್ಲಮನ್ನನ ಎಲುಬಿನ ಪೆಟ್ಟಿಗೆಯೊಳಗಿದ್ದ ಆನೆಯ ಚಿತ್ರದ ರೇಷ್ಮೆ ಅಂಥದ್ದು.

ಈಗ ರೋಮನ್ ವೇಷ ಬೇಕೆಂದರೆ ಪಾಲಿಯೆಸ್ಟರಿನದು ಪೊಟ್ಟಣದಲ್ಲಿ ಬರುತ್ತದೆ. ಪಟ್ಟಿ ಅಚ್ಚು ಹಾಕಿದ್ದು, ಅಂಚು ಓವರ್‌ಲಾಕ್ ಮಾಡಿದ್ದು. ಉಟ್ಟವರು ಸಂತೋಷಪಡಲಿ. ಉಣ್ಣೆಗೆ ಉಣ್ಣೆಯ ದಾರ, ನಾರುಮಡಿಗೆ ನಾರಿನ ದಾರ ಹಿಡಿದು ಕೈಯಲ್ಲೇ ಹೊಲಿಯುವ ಕೆಲವರು ಅಲ್ಲಲ್ಲಿ ಇದ್ದಾರೆ. ಅವರಿಗೆ ಕಲಿಸಲು ಅಜ್ಜಿಯರಿಲ್ಲ, ಗೋರಿಯಿಂದ ಬಂದ ಬಟ್ಟೆಯೇ ಗುರು.

ಆ ಗುರುವನ್ನೂ ನಾವು ಇಡಿಯಾಗಿ ಉಳಿಸಿಕೊಳ್ಳಲಿಲ್ಲ. ಈಜಿಪ್ಟಿನ ಒಣ ಮರಳು ಸಾವಿರದೈನೂರು ವರ್ಷ ಕಾಪಾಡಿದ ಟ್ಯೂನಿಕ್‌ಗಳನ್ನು 1880ರ ದಶಕದಿಂದ ಅಖ್ಮೀಮಿನಲ್ಲಿ, 1896ರಿಂದ ಆಂಟಿನೊಯೆಯಲ್ಲಿ ರಾಶಿರಾಶಿಯಾಗಿ ಅಗೆದು ತೆಗೆದರು. ಕೊಳ್ಳುವವರಿಗೆ ಬೇಕಾಗಿದ್ದದ್ದು ಬಣ್ಣದ ಚಿತ್ರ. ಹಾಗಾಗಿ ಎಷ್ಟೋ ಅಂಗಿಗಳಿಂದ ಪಟ್ಟಿಗಳನ್ನೂ ದುಂಡು ಪದಕಗಳನ್ನೂ ಕತ್ತರಿಸಿಕೊಂಡು ಸಾದಾ ಬಟ್ಟೆಯನ್ನು ಎಸೆದುಬಿಟ್ಟರು. ನೇಯುವಾಗ ಕತ್ತರಿ ಕಾಣದಿದ್ದ ಅಂಗಿಗೆ ಕತ್ತರಿ ಬಿದ್ದದ್ದು ಹೀಗೆ. ಚಿತ್ರದ ತುಂಡುಗಳು ಮ್ಯೂಸಿಯಮ್ಮುಗಳ ಗಾಜಿನೊಳಗೆ ಚೆಂದಾಗಿವೆ. ಬದಿಯ ಹೊಲಿಗೆಯನ್ನು ಎಲ್ಲಿಂದ ಹಿಡಿದರು, ಕಂಕುಳ ಹತ್ತಿರ ಎಲ್ಲಿ ಬಿಟ್ಟರು, ಬೆಳೆಯುವ ಮಗುವಿಗೆಂದು ಸೊಂಟದಲ್ಲಿ ಎಷ್ಟು ಮಡಿಕೆ ಹಾಕಿದರು, ಸವೆದ ಮೊಣಕೈಗೆ ಯಾವ ತೇಪೆ ಇಟ್ಟರು ಎಂದು ಇವತ್ತು ಸೂಜಿ ಹಿಡಿದವರು ಕೇಳುವ ಪ್ರಶ್ನೆಗಳ ಉತ್ತರವೆಲ್ಲ ಆ ಎಸೆದ ಸಾದಾ ಬಟ್ಟೆಯಲ್ಲಿತ್ತು.