ಮುತ್ಯಾನ ಸಹಿ ಇಲ್ಲದ ಫಾರ್ಮು

ದೀಪಾವಳಿ ರಜೆಗೆ ಉಗಾರ ಖುರ್ದಕ್ಕೆ ಹೋದಾಗ ನಮಗೆ ಸಿಕ್ಕ ಕೆಲಸ ಫಾರ್ಮ್ ತುಂಬೂದು. ನಾವು ಮೂವರು ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಮ್, ಅದಕ್ಕ. ಆಯಿ ತೀರಿಕೊಂಡ ಮೇಲೆ ಮುತ್ಯಾ ಒಬ್ಬನೇ ಇದ್ದಾನಂತ ಅಮೆರಿಕದ ಕಾಕಾನಿಗೆ ಚಿಂತೆ. ಮುತ್ಯಾ ಸಕ್ಕರೆ ಫ್ಯಾಕ್ಟರಿಯಿಂದ ರಿಟೈರ್ ಆದಂವ. ಫ್ಯಾಕ್ಟರಿ ಭೋಂಗಾ ಕೇಳಿಯೇ ಇನ್ನೂ ಏಳ್ತಾನೆ.

ಅಮೆರಿಕದಲ್ಲಿ ರಿಟೈರ್ ಆದವರಿಗಂತ ಬೇರೆ ವೀಸಾ ಇಲ್ಲ. ಥಾಯ್ಲೆಂಡಿನಲ್ಲಿ ಇದೆ, 50 ವರ್ಷ ದಾಟಿ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ತೋರಿಸಿದರೆ ಆಯ್ತು. ಕೆನಡಾದ ಸೂಪರ್ ವೀಸಾದಲ್ಲಿ ತಂದೆ ತಾಯಿ ಒಂದು ಸಲಕ್ಕೆ 5 ವರ್ಷದವರೆಗೆ ಇರಬಹುದು, ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು. ಅಮೆರಿಕಕ್ಕೆ ದಾರಿ ಎರಡೇ. ವಿಸಿಟರ್ ವೀಸಾ ಅಂದರೆ ಸಾಮಾನ್ಯವಾಗಿ 6 ತಿಂಗಳು. ಇಲ್ಲದಿದ್ದರೆ ಗ್ರೀನ್ ಕಾರ್ಡ್: 21 ದಾಟಿದ ಸಿಟಿಜನ್ ಮಗ ಐ-130 ಫಾರ್ಮ್ ಹಾಕಬೇಕು. ಅದು ಸಿಕ್ಕ ಮೇಲೆ ಅಲ್ಲೇ ನೆಲೆಸಬೇಕು. ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾರ್ಡೇ ಹೋಗಬಹುದು.

‘ಅಂದ್ರ ಕಬ್ಬು ಕಟಾವ್ ಮುಗಿಯೂ ತನಕ ಇಲ್ಲಿ, ಆಮ್ಯಾಲೆ ಅಲ್ಲಿ ಅಂದ್ರ ಆಗಂಗಿಲ್ಲೇನು?’ ಅಂದ ಮುತ್ಯಾ. ಪ್ರತಿ ವರ್ಷ ಹಂಗ ಮಾಡಿದರ ಏರ್‌ಪೋರ್ಟಿನಲ್ಲಿ ಪ್ರಶ್ನೆ ಕೇಳ್ತಾರ ಅಂದೆವು.

ಮುತ್ಯಾನ ಹುಟ್ಟಿದ ದಿನ ಶಾಲೆ ದಾಖಲೆಯಲ್ಲಿ ಜೂನ್ 1. (ನಿಮ್ಮ ಅಜ್ಜಂದೂ ಅದೇ ಇರಬೇಕು, ಕೇಳಿ ನೋಡ್ರಿ.) ಅದು ಹೆಂಗೋ ಆಯ್ತು. ನಾವು ಸಿಕ್ಕಿಬಿದ್ದದ್ದು ಮದುವೆ ಪುರಾವೆಯಲ್ಲಿ. ತಂದೆಗೆ ಅರ್ಜಿ ಹಾಕಿದರೆ ಮಗನ ಜನನ ಪತ್ರದ ಜೊತೆ ತಂದೆ ತಾಯಿಯ ಮದುವೆ ಸರ್ಟಿಫಿಕೇಟೂ ಕೇಳ್ತಾರೆ. 1971ರ ಮದುವೆಗೆ ಎಲ್ಲಿಯ ಸರ್ಟಿಫಿಕೇಟ್? ಲಗ್ನಪತ್ರಿಕೆ ಟ್ರಂಕಿನಲ್ಲಿತ್ತು, 2019ರ ಮಹಾಪೂರದಲ್ಲಿ ಕೃಷ್ಣಾ ನೀರು ಟ್ರಂಕಿಗೂ ಹೊಕ್ಕಿತು. ಉಳಿದ ದಾರಿ ಅಂದರೆ ಮದುವೆ ಕಣ್ಣಾರೆ ಕಂಡ ಇಬ್ಬರ ಅಫಿಡವಿಟ್.

ಅವತ್ತು ಸಂಜೆ ಮುತ್ಯಾ ಕಟ್ಟೆ ಮೇಲೆ ಕೂತು ಬೆರಳು ಎಣಿಸಿದ. ವಾಲಗದವರು ಇಲ್ಲ. ಅಯ್ಯನವರು ಇಲ್ಲ. ಆಯಿಯ ಅಣ್ಣಂದಿರಿಬ್ಬರೂ ಇಲ್ಲ. ಫ್ಯಾಕ್ಟರಿ ಗೆಳೆಯ ಹೋದ ಶ್ರಾವಣದಾಗ ಹೋದ. ಒಂದು ಹೆಸರು ಬಂದಾಗ ನಮ್ಮ ಕಡೆ ನೋಡಿ, ‘ಅಂವ ಇದ್ದಾನೋ ಇಲ್ಲೋ?’ ಅಂತ ಕೇಳಿದ. ನಮಗೇನು ಗೊತ್ತು? ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆವು.

ಕೊನೆಗೆ ಸಿಕ್ಕದ್ದು ಮಿರಜದ ಒಬ್ಬ ದೂರದ ಸಂಬಂಧಿ, ಮತ್ತೆ ಮುತ್ಯಾನ ತಂಗಿ ಕುಡಚಿ ಆಯಿ. ಕುಡಚಿ ರೈಲಿನಲ್ಲಿ ಮುಂದಿನ ಸ್ಟೇಷನ್ನು, ಹೊಳೆ ದಾಟಿದರೆ ಬಂತು. ‘ಮದುವೆ ನೆನಪೈತೇನು?’ ಅಂದದ್ದೇ ತಡ, ಒಂದು ತಾಸು ಹೇಳಿದಳು. ಏಳು ಚಕ್ಕಡಿ ಬಂದಿದ್ದವು, ಒಂದರ ಎತ್ತು ಕುಂಟಿತ್ತು, ಹೋಳಿಗೆ ಸಾಲದೆ ಹುಗ್ಗಿ ಮಾಡಿದರು, ಅಕ್ಷತೆ ಬೀಳುವಾಗ ಮದುಮಗಳು ನಕ್ಕಳಂತ ಹಿರಿಯರು ಬೈದರು. ಬಾಂಡ್ ಪೇಪರಿನಲ್ಲಿ ನಾವು ಬರೆದದ್ದು ನಾಲ್ಕೇ ಸಾಲು. ಹೆಬ್ಬೆಟ್ಟು ಒತ್ತಿದಳು.

ಎಲ್ಲ ಸ್ಕ್ಯಾನ್ ಮಾಡಿ ಕಾಕಾನಿಗೆ ಕಳಿಸುವಾಗ ಒಂದು ಗಮನಕ್ಕೆ ಬಂತು. ಐ-130ರಲ್ಲಿ ಸಹಿ ಮಾಡೂದು ಮಗ. ಮುತ್ಯಾನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ಹೋಗ್ತೀಯೇನು ಅಂತ ನಾವೂ ಅಲ್ಲೀತನಕ ಅವನನ್ನು ಕೇಳಿರಲಿಲ್ಲ. ಆಗ ಕೇಳಿದೆವು.

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ‘ಆ ನಾಕು ಸಾಲಿಂದು ಒಂದು ಝೆರಾಕ್ಸ್ ತೆಗಿಸಿ ಕೊಡ್ರಿ’ ಅಂದ. ಅದನ್ನು ಮಡಚಿ ಆಯಿಯ ಫೋಟೋದ ಹಿಂದೆ ಇಟ್ಟಿದ್ದಾನೆ.