ಸೈಕಲ್ಲಿನ ಬ್ರೇಕ್ ಮತ್ತು ನಮ್ಮ ಹೊಣೆ

ಸೈಕಲ್ ಕೊಳ್ಳುವಾಗ ನಾವು ಮೊದಲು ನೋಡುವುದು ಅದರ ಬಣ್ಣ, ಆಮೇಲೆ ಬೆಲೆ. ಬೆಲ್ಲನ್ನೂ ಒಮ್ಮೆ ಬಾರಿಸಿ ನೋಡುತ್ತೇವೆ. ಬ್ರೇಕ್ ಹಿಡಿದು ನೋಡುವವರು ಕಡಿಮೆ. ಮನೆಗೆ ತಂದ ಮೇಲೂ ಅಷ್ಟೇ. ಗಾಳಿ ಹೋದರೆ ಸೈಕಲ್ ಮುಂದೆ ಸಾಗದು, ಚೈನ್ ಒಣಗಿದರೆ ಕಿರುಗುಟ್ಟುತ್ತದೆ. ಹಾಗಾಗಿ ಅವುಗಳ ಯೋಗಕ್ಷೇಮವನ್ನು ವಿಚಾರಿಸುತ್ತೇವೆ. ಬ್ರೇಕ್ ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಅದು ಕೆಟ್ಟಿದೆಯೆಂದು ತಿಳಿಯುವುದು ಅದರ ಅಗತ್ಯ ಬಿದ್ದ ಗಳಿಗೆಯಲ್ಲೇ.

ನಮ್ಮದು ಕರಾವಳಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದಂತೆ ಉಪ್ಪುಗಾಳಿ. ಇಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಮಗಳು ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗತೊಡಗಿದಾಗ ನಮಗೆ ಚಿಂತೆಯಾದದ್ದು ದೂರದ ಬಗ್ಗೆಯಲ್ಲ, ಮುರಕಲ್ಲಿನ ಗುಡ್ಡದಿಂದ ಮುಖ್ಯರಸ್ತೆಗೆ ಇಳಿಯುವ ಒಂದು ಇಳಿಜಾರಿನ ಬಗ್ಗೆ. ಹಿಂದೆ ಊರಿನ ಸೈಕಲ್ ಶಾಪಿನ ಕಾಕ, ಗಂಟೆ ಲೆಕ್ಕದ ಬಾಡಿಗೆ ಸೈಕಲನ್ನೂ ಎರಡು ಬ್ರೇಕ್ ಒತ್ತಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಶಾಪು ಮುಚ್ಚಿ ವರ್ಷಗಳಾದವು. ಈಗ ಆ ಕೆಲಸ ಮನೆಯವರದೇ.

ಕೆಲಸ ದೊಡ್ಡದೇನಲ್ಲ. ಸಾಬೂನು ನೀರು, ಹಳೆಯ ಬಟ್ಟೆ, ಒಂದು ತುಂಡು ಉಪ್ಪುಕಾಗದ, ಒಂದು ಸೂಜಿ, ಒಂದು ಸ್ಪಾನರ್ ಇದ್ದರೆ ಅರ್ಧ ಗಂಟೆ ಸಾಕು. ಮೊದಲು ರಿಮ್ಮನ್ನು ತೊಳೆದು ಒಣಬಟ್ಟೆಯಿಂದ ಒರೆಸಬೇಕು. ತುಕ್ಕು ಹಿಡಿಯದಿರಲೆಂದು ಕೆಲವರು ರಿಮ್ಮಿಗೂ ತೆಂಗಿನೆಣ್ಣೆ ಸವರುವುದುಂಟು. ಇದು ತೀರಾ ಅಪಾಯಕಾರಿ. ರಬ್ಬರು ಮತ್ತು ರಿಮ್ಮಿನ ತಿಕ್ಕಾಟದಿಂದಲೇ ಸೈಕಲ್ ನಿಲ್ಲುವುದು. ಎಣ್ಣೆ ಬಿದ್ದರೆ ಆ ತಿಕ್ಕಾಟವೇ ಇಲ್ಲವಾಗುತ್ತದೆ. ಎಣ್ಣೆ ಬೇಕಾದದ್ದು ಹಿಡಿಕೆಯ ಕೀಲಿಗೆ ಮತ್ತು ತಂತಿಗೆ, ಅದೂ ಒಂದೆರಡು ಹನಿ.

ಬ್ರೇಕ್ ರಬ್ಬರಿನ ಮೈಯಲ್ಲಿ ಮರಳು, ಲೋಹದ ಚೂರು ಸಿಕ್ಕಿಕೊಂಡಿರುತ್ತವೆ. ಅವನ್ನು ಸೂಜಿಯಿಂದ ತೆಗೆಯದಿದ್ದರೆ ರಿಮ್ ಗೀರು ಬೀಳುತ್ತದೆ. ಹೊಳಪು ಬಂದು ನುಣುಪಾದ ರಬ್ಬರನ್ನು ಉಪ್ಪುಕಾಗದದಿಂದ ಉಜ್ಜಬೇಕು. ಗೀಟುಗಳು ಅಳಿದಿದ್ದರೆ, ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿದ್ದರೆ ಬದಲಾಯಿಸುವುದೇ ಲೇಸು. ರಬ್ಬರನ್ನು ಹಿಡಿದಿಡುವ ಲೋಹದ ಗೂಡಿಗೆ ಒಂದು ತುದಿ ಮುಚ್ಚಿದ್ದು, ಇನ್ನೊಂದು ತೆರೆದಿದ್ದರೆ, ಮುಚ್ಚಿದ ತುದಿ ಮುಂದಕ್ಕಿರಬೇಕು. ಉರುಳುವ ರಿಮ್ ರಬ್ಬರನ್ನು ತನ್ನೊಡನೆ ಮುಂದಕ್ಕೆ ಎಳೆಯುತ್ತದೆ. ತೆರೆದ ಬಾಯಿ ಆ ಕಡೆಗಿದ್ದರೆ ಬ್ರೇಕ್ ಹಿಡಿದಾಗಲೇ ರಬ್ಬರು ಜಾರಿ ಬೀಳಬಹುದು.

ರಬ್ಬರಿಗೂ ರಿಮ್ಮಿಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರಲಿ. ರಬ್ಬರು ಟೈರಿಗೆ ತಾಗಬಾರದು. ಹಿಡಿಕೆಯನ್ನು ಪೂರ್ತಿ ಒತ್ತಿದರೂ ಅದು ಹ್ಯಾಂಡಲ್ಲಿಗೆ ಮುಟ್ಟಬಾರದು. ತಂತಿಯ ಒಂದು ಎಳೆ ಕಿತ್ತು ಬಂದಿದ್ದರೂ ಆ ತಂತಿಯನ್ನು ಬದಲಾಯಿಸಬೇಕು. ಹಳೆಯ ದೊಡ್ಡ ಸೈಕಲ್ಲಿನಲ್ಲಿ ತಂತಿಯ ಬದಲು ಕಬ್ಬಿಣದ ಸರಳು ಇರುತ್ತದೆ, ರಬ್ಬರು ರಿಮ್ಮಿನ ಒಳಮೈಗೆ ಒತ್ತುತ್ತದೆ. ಅಲ್ಲಿ ಸರಳಿನ ತಿರುಪುಗಳು ಸಡಿಲಾಗಿವೆಯೇ ಎಂದು ನೋಡಬೇಕು.

ಇಷ್ಟೆಲ್ಲ ಮಾಡಿದರೂ ಮಳೆಯಲ್ಲಿ ಒದ್ದೆಯಾದ ಉಕ್ಕಿನ ರಿಮ್ಮನ್ನು ಬ್ರೇಕ್ ಕೂಡಲೇ ಹಿಡಿಯುವುದಿಲ್ಲ. ಇಳಿಜಾರು ಬರುವ ಮೊದಲೇ ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು, ಎರಡೂ ಬ್ರೇಕುಗಳನ್ನು ಜೊತೆಯಲ್ಲಿ ಬಳಸಬೇಕು. ಮಗಳಿಗೆ ನಾವು ಮೊದಲು ಕಲಿಸಿದ್ದು ಇದನ್ನೇ. ಆಮೇಲೆ ಸ್ಪಾನರನ್ನೂ ಅವಳ ಕೈಗೇ ಕೊಟ್ಟೆವು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಸೈಕಲ್ ಏರಿದರು. ಆದರೆ ರಿಪೇರಿ ಗಂಡುಮಕ್ಕಳ ಕೆಲಸವೆಂಬ ಭಾವನೆ ಮನೆಗಳಲ್ಲಿ ಹಾಗೆಯೇ ಉಳಿಯಿತು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಾಗ ಅಣ್ಣನೋ ತಂದೆಯೋ ಜೊತೆಗಿರುವುದಿಲ್ಲ.

ಒಂದು ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದವರನ್ನು ಪೊಲೀಸರು ತಡೆಯುತ್ತಿದ್ದರು. ಈಗ ಸೈಕಲ್ಲಿಗೆ ನೋಂದಣಿಯಿಲ್ಲ, ಸವಾರನಿಗೆ ಲೈಸೆನ್ಸ್ ಬೇಕಿಲ್ಲ, ಬ್ರೇಕ್ ಸರಿಯಿದೆಯೇ ಎಂದು ಕೇಳುವ ಅಧಿಕಾರಿಯೂ ಇಲ್ಲ. ಕೇಳುವವರಿಲ್ಲದ ಕಡೆ ಹೊಣೆ ಕಡಿಮೆಯಾಗುವುದಿಲ್ಲ, ಪೂರ್ತಿಯಾಗಿ ನಮ್ಮ ಮೇಲೆಯೇ ಬೀಳುತ್ತದೆ. ಬ್ರೇಕ್ ಸವಾರನನ್ನು ಮಾತ್ರ ಕಾಯುವುದಿಲ್ಲ. ರಸ್ತೆ ದಾಟುವ ಅಜ್ಜಿಗೂ ಚೆಂಡಿನ ಹಿಂದೆ ಓಡಿ ಬರುವ ಮಗುವಿಗೂ ನಮ್ಮ ಸೈಕಲ್ಲಿನ ರಬ್ಬರು ಸವೆದಿರುವುದು ಗೊತ್ತಿರುವುದಿಲ್ಲ. ನಾವು ನಿಲ್ಲುತ್ತೇವೆ ಎಂಬ ನಂಬಿಕೆಯಲ್ಲೇ ಅವರು ರಸ್ತೆಗೆ ಕಾಲಿಡುತ್ತಾರೆ.